ಪುಟ್ಟ ನಾಯಿಗಳ ಜಗಳಗಂಟಿತನ

ಚಿಕ್ಕ ಮೈಕಟ್ಟಿನ ಸಾಕುನಾಯಿ ಬೇರೊಂದು ನಾಯಿಯನ್ನು ಕಂಡೊಡನೆ ಬೊಗಳುವುದು, ಗುರುಗುಟ್ಟುವುದು, ಹಲ್ಲು ತೋರಿಸುವುದು, ಮೇಲೆ ಬೀಳುವುದು, ಕಚ್ಚುವುದು ಇವೆಲ್ಲ ಸೇರಿದ ವರ್ತನೆಯೇ ಪುಟ್ಟ ನಾಯಿಗಳ ಜಗಳಗಂಟಿತನ. ಪೊಮೇರಿಯನ್, ಚಿವಾವಾ, ಡ್ಯಾಶ್‌ಹುಂಡ್, ಪಗ್, ಶಿಟ್ಸು, ಜ್ಯಾಕ್ ರಸೆಲ್ ಟೆರಿಯರ್ ಮೊದಲಾದ ತಳಿಗಳನ್ನು ಸಾಕಿದವರಿಗೆ ಇದು ದಿನನಿತ್ಯದ ಅನುಭವ. ನೋಡುವವರಿಗೆ ಅದು ಗಂಡೆದೆಯಂತೆ ಕಾಣುತ್ತದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಅದರ ಬೇರು ಇರುವುದು ಭಯದಲ್ಲಿ.

ಮೂರು ಕಿಲೋ ತೂಕದ ನಾಯಿ ರೇಗಿದರೆ ಮನೆಯವರು ನಗುತ್ತಾರೆ. ಮೂವತ್ತು ಕಿಲೋ ತೂಕದ ನಾಯಿ ಅದನ್ನೇ ಮಾಡಿದರೆ ಅಂದೇ ತರಬೇತುದಾರರನ್ನು ಹುಡುಕುತ್ತಾರೆ. ಪುಟ್ಟ ನಾಯಿಯ ಸಮಸ್ಯೆ ವರ್ಷಗಟ್ಟಲೆ ಬೆಳೆದು ಗಟ್ಟಿಯಾಗಲು ಈ ತಾರತಮ್ಯವೇ ದೊಡ್ಡ ಕಾರಣ.

ತಳಿಗಳ ಹಿನ್ನೆಲೆ

ಪುಟ್ಟ ನಾಯಿಗಳೆಲ್ಲ ತೊಡೆಯ ಮೇಲೆ ಕೂರಿಸಿಕೊಳ್ಳಲೆಂದೇ ಹುಟ್ಟಿದ ತಳಿಗಳಲ್ಲ. ಜರ್ಮನಿಯ ಡ್ಯಾಶ್‌ಹುಂಡ್‌ನ ಹೆಸರಿನಲ್ಲೇ ಅದರ ಕಸುಬು ಅಡಗಿದೆ: ಜರ್ಮನ್ ಭಾಷೆಯಲ್ಲಿ 'ಡಾಕ್ಸ್' ಎಂದರೆ ಬಿಲ ತೋಡಿ ಬದುಕುವ ಬ್ಯಾಜರ್ ಎಂಬ ಪ್ರಾಣಿ, 'ಹುಂಡ್' ಎಂದರೆ ನಾಯಿ. ಕತ್ತಲ ಬಿಲಕ್ಕೆ ಒಂಟಿಯಾಗಿ ನುಗ್ಗಿ, ಹಲ್ಲು ಉಗುರುಗಳಿರುವ ಎದುರಾಳಿಯನ್ನು ತಡೆದು ನಿಲ್ಲಿಸಬಲ್ಲ ನಾಯಿಯನ್ನೇ ಬೇಟೆಗಾರರು ತಲೆಮಾರುಗಳ ಕಾಲ ಆರಿಸಿದರು. ಇಂಗ್ಲೆಂಡಿನ ಡೆವನ್ ಪ್ರಾಂತದ ಪಾದ್ರಿ ಜಾನ್ ರಸೆಲ್ (1795–1883) ನರಿ ಬೇಟೆಗಾಗಿ ಬೆಳೆಸಿದ ಟೆರಿಯರ್‌ಗಳಿಂದ ಬಂದ ತಳಿಗೆ ಇಂದಿಗೂ ಅವರದೇ ಹೆಸರಿದೆ. ಇಂಥ ನಾಯಿಗೆ ಹಿಂಜರಿಯದ ಛಲ ರಕ್ತದಲ್ಲೇ ಬಂದಿರುತ್ತದೆ.

ಪೊಮೇರಿಯನ್ ಕಥೆ ಬೇರೆ. ಅದು ಉತ್ತರ ಯುರೋಪಿನ ದೊಡ್ಡ ಸ್ಪಿಟ್ಜ್ ನಾಯಿಗಳ ಕುಲಕ್ಕೆ ಸೇರಿದ್ದು. 1888ರಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ಹೋಗಿದ್ದ ವಿಕ್ಟೋರಿಯಾ ರಾಣಿ ಅಲ್ಲಿಂದ ಚಿಕ್ಕ ಗಾತ್ರದ ಪೊಮೇರಿಯನ್ ತಂದ ಮೇಲೆ ಬ್ರಿಟನ್ನಿನಲ್ಲಿ ಪುಟ್ಟ ಪೊಮೇರಿಯನ್‌ಗಳ ಹುಚ್ಚು ಹರಡಿತು. ಕರ್ನಾಟಕದ ಊರುಗಳಲ್ಲಿ 'ಪಮೇರಿಯನ್' ಎಂದು ಕರೆಸಿಕೊಳ್ಳುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ನಿಜವಾಗಿ ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಬಂದ ಸ್ಪಿಟ್ಜ್ ನಾಯಿಗಳಿಂದ ಇಲ್ಲಿಯ ಬಿಸಿಲಿಗೆ ಒಗ್ಗಿ ಬೆಳೆದ ತಳಿ ಅದು. ಗೇಟಿನ ಸದ್ದಿಗೇ ಎಚ್ಚೆತ್ತು ಬೊಗಳುವ ಅದರ ಗುಣವನ್ನು ಜನ ಮೆಚ್ಚಿ ಸಾಕಿದರು. ಬೀದಿಗೆ ಹೋದಾಗ ಆ ಗುಣವೇ ತೊಡಕಾಗುತ್ತದೆ.

ಅಧ್ಯಯನಗಳು ತೋರಿಸಿದ್ದು

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೆಬೊರಾ ಡಫಿ, ಜೇಮ್ಸ್ ಸರ್ಪೆಲ್ ಮತ್ತು ತೈವಾನಿನ ಯುಯಿಂಗ್ ಸೂ 2008ರಲ್ಲಿ ತಳಿವಾರು ಹೋಲಿಕೆಯೊಂದನ್ನು ಪ್ರಕಟಿಸಿದರು. ಸಾಕಿದವರೇ ತುಂಬಿದ ಪ್ರಶ್ನಾವಳಿಗಳ ಮೇಲೆ ನಿಂತ ಈ ಅಧ್ಯಯನದಲ್ಲಿ ಮನುಷ್ಯರ ಮೇಲೂ ನಾಯಿಗಳ ಮೇಲೂ ಸರಾಸರಿಗಿಂತ ಹೆಚ್ಚು ರೇಗುವವೆಂದು ಕಂಡುಬಂದ ತಳಿಗಳಲ್ಲಿ ಚಿವಾವಾ ಮತ್ತು ಡ್ಯಾಶ್‌ಹುಂಡ್ ಇದ್ದವು. ಒಟ್ಟಾರೆ ನೋಡಿದಾಗ, ನಾಯಿಗಳ ಸಿಟ್ಟು ಅತಿ ತೀವ್ರವಾಗಿದ್ದುದು ಬೇರೆ ನಾಯಿಗಳ ಮೇಲೆ.

2010ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ 1,276 ಮಂದಿ ನಾಯಿ ಸಾಕಿದವರ ಉತ್ತರಗಳನ್ನು ಆಧರಿಸಿ ಬಂದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಚಿಕ್ಕ ನಾಯಿಗಳ ಯಜಮಾನರು ದೊಡ್ಡ ನಾಯಿಗಳ ಯಜಮಾನರಿಗಿಂತ ಕಡಿಮೆ ತರಬೇತಿ ಕೊಡುತ್ತಿದ್ದರು, ಕಡಿಮೆ ಆಡಿಸುತ್ತಿದ್ದರು. ಇಂದು ಬೇಡವೆಂದದ್ದನ್ನು ನಾಳೆ ಬಿಡುತ್ತಿದ್ದರು. ಪದೇಪದೇ ಶಿಕ್ಷೆಗೆ ಗುರಿಯಾಗುವ ಚಿಕ್ಕ ನಾಯಿಗಳಲ್ಲಿ ಅಂಜಿಕೆಯೂ ಹೆಚ್ಚಾಗಿತ್ತು. ತಳಿಯ ಗುಣ ಎಷ್ಟಿದೆಯೋ ಸಾಕುವ ರೀತಿಯ ಪಾಲೂ ಇದೆ ಎಂಬುದು ಇದರಿಂದ ಸ್ಪಷ್ಟ.

ಕಾರಣಗಳು

ಮೊದಲನೆಯದು ಮರಿಯ ವಯಸ್ಸಿನಲ್ಲಿ ಒಡನಾಟದ ಕೊರತೆ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ದೀರ್ಘಕಾಲ ನಡೆಸಿ 1965ರಲ್ಲಿ ಪುಸ್ತಕವಾಗಿ ಹೊರತಂದ ಅಧ್ಯಯನದಂತೆ, ಸುಮಾರು 3ನೇ ವಾರದಿಂದ 12ನೇ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆ ಅವಧಿಯಲ್ಲಿ ಬೇರೆ ನಾಯಿಗಳ ಒಡನಾಟ ಸಿಗದ ಮರಿಗೆ ಮುಂದೆ ಪ್ರತಿ ನಾಯಿಯೂ ಅಪರಿಚಿತ ಅಪಾಯವೇ. ಪುಟ್ಟ ತಳಿಯ ಮರಿಯನ್ನು ಪಾರ್ವೊ ಸೋಂಕಿನ ಭಯದಿಂದ ತಿಂಗಳುಗಟ್ಟಲೆ ಮನೆಯೊಳಗೇ ಇಡುವುದು ಸಾಮಾನ್ಯ. ಮೊದಲ ಲಸಿಕೆಯಾಗಿ ಒಂದು ವಾರದ ಬಳಿಕ, ಲಸಿಕೆ ಪೂರ್ಣಗೊಂಡ ಆರೋಗ್ಯವಂತ ನಾಯಿಗಳ ಪರಿಚಯ ಮಾಡಿಸಬಹುದೆಂಬುದು ಅಮೆರಿಕದ ಪಶುವೈದ್ಯ ವರ್ತನಾ ತಜ್ಞರ ಸಂಘದ ನಿಲುವು.

ಎರಡನೆಯದು ಗೆಲುವಿನ ಅಭ್ಯಾಸ. ನಾಯಿ ಬೊಗಳುತ್ತದೆ, ಎದುರಿನ ನಾಯಿ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ತಾನು ಬೊಗಳಿದ್ದರಿಂದಲೇ ಅದು ಹೋಯಿತೆಂದು ಪುಟ್ಟ ನಾಯಿ ಕಲಿಯುತ್ತದೆ. ನೂರು ಸಲ ಹೀಗಾದರೆ ಆ ಪಾಠ ಅಳಿಸುವುದು ಕಷ್ಟ. ಲೀಶ್ ಬಿಗಿಯಾಗಿದ್ದರಂತೂ ಓಡಿಹೋಗುವ ದಾರಿ ಮುಚ್ಚಿರುತ್ತದೆ, ಉಳಿಯುವುದು ಎದುರಿಸುವ ದಾರಿಯೊಂದೇ. ಮನೆಯಂಗಳದಲ್ಲಿ ಬಿಟ್ಟಾಗ ತೆಪ್ಪಗಿರುವ ನಾಯಿ ಲೀಶ್ ಹಾಕಿದೊಡನೆ ರಂಪ ಮಾಡುವುದು ಹೀಗೆ.

ಮೂರನೆಯದು ನೋವು. ಮಂಡಿಚಿಪ್ಪು ಜಾರುವುದು ಪುಟ್ಟ ತಳಿಗಳಲ್ಲಿ ಬಹಳ ಸಾಮಾನ್ಯ. ಹಲ್ಲು, ವಸಡುಗಳ ರೋಗವೂ ಹಾಗೆಯೇ. ಮುಟ್ಟಿದರೆ ನೋಯುವ ನಾಯಿ ಹತ್ತಿರ ಬರುವವರನ್ನೆಲ್ಲ ದೂರವಿಡಲು ನೋಡುತ್ತದೆ. ನಿನ್ನೆಯವರೆಗೆ ಸೌಮ್ಯವಾಗಿದ್ದ ನಾಯಿ ಇದ್ದಕ್ಕಿದ್ದಂತೆ ರೇಗತೊಡಗಿದರೆ ತರಬೇತಿಗಿಂತ ಮೊದಲು ಪಶುವೈದ್ಯರ ತಪಾಸಣೆ ಆಗಬೇಕು.

ಒಂದೇ ಮನೆಯ ನಾಯಿಗಳ ಜಗಳ ಬೇರೆ ಬಗೆಯದು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ತಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಕಾದಾಡುತ್ತಿದ್ದ 38 ಜೋಡಿಗಳ ಪೈಕಿ 30 ಜೋಡಿಗಳಲ್ಲಿ ಎರಡೂ ಒಂದೇ ಲಿಂಗದ ನಾಯಿಗಳಿದ್ದವು. ಊಟದ ತಟ್ಟೆ, ಆಟಿಕೆ, ಮನೆಯೊಡತಿಯ ಪಕ್ಕದ ಜಾಗ ಇಂಥವೇ ಕಿಡಿ ಹೊತ್ತಿಸುತ್ತವೆ. ಊಟವನ್ನು ಬೇರೆ ಕೋಣೆಯಲ್ಲಿ ಇಡುವುದೇ ಇಲ್ಲಿ ಮೊದಲ ಚಿಕಿತ್ಸೆ.

ಗಾಯದ ಸ್ವರೂಪ

ಜಗಳ ತೆಗೆದದ್ದು ಪುಟ್ಟ ನಾಯಿಯೇ ಆದರೂ ಜೀವ ಹೋಗುವುದು ಅದರದೇ. ದೊಡ್ಡ ನಾಯಿ ಪುಟ್ಟದನ್ನು ಬೆನ್ನು ಅಥವಾ ಎದೆಯ ಬಳಿ ಹಿಡಿದು ಒದರುತ್ತದೆ. ಹೊರಗೆ ಕಾಣುವುದು ಹಲ್ಲು ಚುಚ್ಚಿದ ಎರಡು ಸಣ್ಣ ತೂತು. ಒಳಗೆ ಸ್ನಾಯು ಹರಿದಿರಬಹುದು, ಪಕ್ಕೆಲುಬು ಮುರಿದಿರಬಹುದು, ಶ್ವಾಸಕೋಶಕ್ಕೆ ಪೆಟ್ಟಾಗಿರಬಹುದು. ಚಪ್ಪಟೆ ಮುಖದ ಪಗ್, ಶಿಟ್ಸು ನಾಯಿಗಳಲ್ಲಿ ಜಗಳದ ವೇಳೆ ಕಣ್ಣುಗುಡ್ಡೆಯೇ ಹೊರಬರುವುದುಂಟು. ಆದ್ದರಿಂದ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ಅರಿಶಿನ ಮೆತ್ತಿ ಸುಮ್ಮನಾಗುವಂತಿಲ್ಲ. ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಮುನ್ಸೂಚನೆಗಳು

ನಾಯಿ ಏಕಾಏಕಿ ಕಚ್ಚುವುದು ಅಪರೂಪ. ಮೊದಲು ಮುಖ ತಿರುಗಿಸುತ್ತದೆ, ಮೂಗು ನೆಕ್ಕಿಕೊಳ್ಳುತ್ತದೆ, ನಿದ್ದೆಯಿಲ್ಲದೆಯೂ ಆಕಳಿಸುತ್ತದೆ. ಆಮೇಲೆ ಮೈ ಸೆಟೆಯುತ್ತದೆ, ಕಣ್ಣಂಚಿನಲ್ಲಿ ಬಿಳಿ ಕಾಣುತ್ತದೆ, ಬೆನ್ನಿನ ರೋಮ ನಿಮಿರುತ್ತದೆ. ಗುರುಗುಟ್ಟುವುದು ಇವೆಲ್ಲ ದಾಟಿದ ಮೇಲಿನ ಎಚ್ಚರಿಕೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದಿನ ಸಲ ಆ ನಾಯಿ ಸದ್ದಿಲ್ಲದೆ ಕಚ್ಚಬಹುದು.

ತಿದ್ದುವ ಬಗೆ

ಇಂದು ಪಶುವೈದ್ಯ ವರ್ತನಾ ತಜ್ಞರು ಮುಖ್ಯವಾಗಿ ಬಳಸುವ ವಿಧಾನದ ಮೂಲ ಮಕ್ಕಳ ಮನೋವಿಜ್ಞಾನದಲ್ಲಿದೆ. ನ್ಯೂಯಾರ್ಕಿನ ಮೇರಿ ಕವರ್ ಜೋನ್ಸ್ 1924ರಲ್ಲಿ ಪೀಟರ್ ಎಂದು ಕರೆದ, ಮೂರು ವರ್ಷವೂ ತುಂಬದ ಹುಡುಗನ ವೃತ್ತಾಂತ ಪ್ರಕಟಿಸಿದರು. ಅವನಿಗೆ ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಮೊದಲು ದೂರದಲ್ಲಿಟ್ಟು, ದಿನೇ ದಿನೇ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಮುದ್ದಿಸಿದ. ನಾಯಿಗೂ ಇದೇ ಸೂತ್ರ.

ಮೊದಲು ದೂರವನ್ನು ಕಂಡುಹಿಡಿಯಬೇಕು. ಎದುರಿನ ನಾಯಿ ಕಂಡರೂ ತನ್ನ ನಾಯಿ ಬೊಗಳದೆ, ಕೊಟ್ಟ ತಿಂಡಿ ತಿನ್ನಬಲ್ಲಷ್ಟು ಅಂತರ ಅದು. ಒಂದಕ್ಕೆ ಮೂವತ್ತು ಅಡಿ ಸಾಕು, ಇನ್ನೊಂದಕ್ಕೆ ಇಡೀ ಮೈದಾನ ಬೇಕು. ಆ ಅಂತರದಲ್ಲಿ ಬೇರೆ ನಾಯಿ ಕಂಡ ಕ್ಷಣವೇ ಬೇಯಿಸಿದ ಕೋಳಿಯ ಚೂರು ಅಥವಾ ಪನೀರ್ ಕೊಡಬೇಕು. ಆ ನಾಯಿ ಮರೆಯಾದೊಡನೆ ಕೊಡುವುದನ್ನು ನಿಲ್ಲಿಸಬೇಕು. ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ, ಅವನ್ನು ಬಳಸಬಾರದು. ಕೆಲವು ದಿನ ಅಥವಾ ವಾರ ಕಳೆದ ಮೇಲೆ ನಾಯಿ ಬೇರೆ ನಾಯಿಯನ್ನು ಕಂಡು ಯಜಮಾನರ ಮುಖ ನೋಡತೊಡಗುತ್ತದೆ. 'ಅದು ಬಂತು, ನನ್ನ ತಿಂಡಿ ಎಲ್ಲಿ?' ಎಂಬಂತಿರುವ ಆ ನೋಟ ಬಂದ ಬಳಿಕವಷ್ಟೇ ಅಂತರವನ್ನು ಒಂದೆರಡು ಹೆಜ್ಜೆ ತಗ್ಗಿಸಬಹುದು. ನಾಯಿ ಬೊಗಳಿದರೆ ಅದು ಸೋಲಲ್ಲ. ತೀರ ಹತ್ತಿರ ಹೋಗಿದ್ದೇವೆಂಬ ಸುಳಿವು. ಹಿಂದಕ್ಕೆ ಬರಬೇಕು, ಅಷ್ಟೇ.

ಕೊರಳಪಟ್ಟಿಗಿಂತ ಎದೆಗೆ ಸುತ್ತುವ ಹಾರ್ನೆಸ್ ಮೇಲು. ಪೊಮೇರಿಯನ್, ಚಿವಾವಾ, ಯಾರ್ಕ್‌ಶೈರ್ ಟೆರಿಯರ್‌ಗಳಿಗೆ ಶ್ವಾಸನಾಳ ಕುಸಿಯುವ ತೊಂದರೆ ಹೆಚ್ಚು. ಕೊರಳು ಜಗ್ಗಿದಂತೆಲ್ಲ ಅದು ಉಲ್ಬಣಿಸುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಗಂಡುನಾಯಿಗಳ ನಡುವಿನ ಪೈಪೋಟಿಯನ್ನು ಕೆಲವೊಮ್ಮೆ ಇಳಿಸೀತು, ಭಯದಿಂದ ಹುಟ್ಟಿದ ಸಿಟ್ಟಿಗೆ ಅದು ಮದ್ದಲ್ಲ. ಅತಿಯಾಗಿ ಅಂಜುವ ನಾಯಿಗೆ ತರಬೇತಿಯ ಜೊತೆಗೆ ಔಷಧಿ ಬೇಕಾಗಬಹುದು; ಅದನ್ನು ಪಶುವೈದ್ಯರೇ ನಿರ್ಧರಿಸಬೇಕು.

ಶಿಕ್ಷೆಯ ಫಲ

ನಾಯಿಯನ್ನು ಅಂಗಾತ ಕೆಡವಿ ಅದುಮಿ 'ಯಜಮಾನ ಯಾರೆಂದು ತೋರಿಸುವ' ಪದ್ಧತಿ ಇನ್ನೂ ಬಳಕೆಯಲ್ಲಿದೆ. ಹಿಂಡಿನ ಯಜಮಾನಿಕೆ ಬಲದಿಂದಲೇ ಸಿಗುತ್ತದೆಂಬ ಅದರ ಹಿಂದಿನ ನಂಬಿಕೆ ಬಂದದ್ದು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಸೆರೆಯಲ್ಲಿದ್ದ ತೋಳಗಳ ಅಧ್ಯಯನದಿಂದ. ಕಾಡಿನ ತೋಳದ ಹಿಂಡು ತಂದೆತಾಯಿ ಮತ್ತು ಮರಿಗಳ ಸಂಸಾರವೆಂದು ಡೇವಿಡ್ ಮೆಕ್ 1999ರಲ್ಲಿ ವಿವರಿಸಿದ ಮೇಲೆ ಆ ನಂಬಿಕೆಯ ಬುಡವೇ ಸಡಿಲವಾಯಿತು. ಪೆನ್ಸಿಲ್ವೇನಿಯಾದ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಾಯಿಗೆ ಹೊಡೆದ ಅಥವಾ ಒದ್ದ ಯಜಮಾನರಲ್ಲಿ ಶೇ. 43ರಷ್ಟು, ಅಂಗಾತ ಅದುಮಿದವರಲ್ಲಿ ಶೇ. 31ರಷ್ಟು ಮಂದಿ ನಾಯಿ ತಿರುಗಿಬಿದ್ದಿತೆಂದು ತಿಳಿಸಿದರು.

ಬೀದಿಯಲ್ಲಿ

ಬೆಂಗಳೂರಿನಲ್ಲಿ 2023ರ ಗಣತಿಯಂತೆ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಇಂಥ ಊರಿನಲ್ಲಿ ಪುಟ್ಟ ನಾಯಿಯ ತಿರುಗಾಟವೆಂದರೆ ಒಂದು ಗುಂಪಿನ ಸರಹದ್ದಿನಿಂದ ಇನ್ನೊಂದರ ಸರಹದ್ದಿಗೆ ಕಾಲಿಡುವುದು. ಒಂದೊಂದು ಬೀದಿಯ ನಾಯಿಗಳು ಹೆಚ್ಚಾಗಿ ಅವೇ ಆಗಿರುವುದರಿಂದ ಯಾವ ತಿರುವಿನಲ್ಲಿ ಯಾವುದು ಮಲಗಿರುತ್ತದೆಂದು ಅರಿತು ದಾರಿ, ಹೊತ್ತು ಬದಲಿಸುವುದು ಜಾಣತನ. ಎದುರಾದಾಗ ಕೂಗಾಡದೆ ನಿಂತ ಕಾರಿನ ಮರೆಗೋ ಗೇಟಿನ ಒಳಗೋ ಸರಿದು ನಡುವೆ ತಡೆ ಮಾಡಿಕೊಳ್ಳಬೇಕು.

ಜಗಳ ಹತ್ತಿಯೇ ಬಿಟ್ಟರೆ ನಡುವೆ ಕೈ ಹಾಕಬಾರದು. ನೀರು ಎರಚುವುದು, ದಪ್ಪ ಬಟ್ಟೆ ಎಸೆಯುವುದು, ನಾಯಿಗಳ ನಡುವೆ ರಟ್ಟು ಅಥವಾ ಕೊಡೆ ತೂರಿಸುವುದು ಸುರಕ್ಷಿತ. ಬಿಡಿಸಲು ಹೋದವರಿಗೆ ಹಲ್ಲು ತಾಗಿದರೆ ಗಾಯವನ್ನು ಸೋಪು, ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ರೇಬಿಸ್ ಲಸಿಕೆಗೆ ಹೋಗಬೇಕು.

ಜಗಳಗಂಟಿ ಪುಟ್ಟ ನಾಯಿ ಎಲ್ಲ ನಾಯಿಗಳ ಗೆಳೆಯನಾಗಲೇಬೇಕೆಂದಿಲ್ಲ. ಹತ್ತು ಅಡಿ ದೂರದಲ್ಲಿ ಇನ್ನೊಂದು ನಾಯಿ ಹಾದುಹೋಗುವಾಗ ಸುಮ್ಮನೆ ನಡೆಯುವಂತಾದರೆ ತರಬೇತಿ ಫಲಿಸಿದಂತೆಯೇ. ಅಷ್ಟಕ್ಕೆ ಹಲವು ತಿಂಗಳು ಬೇಕಾಗಬಹುದು. ಮನೆಗೆ ಹೊಸ ಮರಿ ತರುವವರು ಮೊದಲ ಮೂರು ತಿಂಗಳನ್ನು ವ್ಯರ್ಥ ಮಾಡದಿದ್ದರೆ ಆ ಹಲವು ತಿಂಗಳುಗಳ ಶ್ರಮವೂ ಬಹುಮಟ್ಟಿಗೆ ಉಳಿಯುತ್ತದೆ.