ಹೃದಯ ವೈಫಲ್ಯ: ಚಿಕಿತ್ಸೆ ಮತ್ತು ಆರೈಕೆಯ ಇತಿಹಾಸ

ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪಂಪ್ ಮಾಡಲಾರದೆ ಸೋಲುವ ಸ್ಥಿತಿಯೇ ಹೃದಯ ವೈಫಲ್ಯ. ಇದನ್ನೇ ಹೃದಯಾಘಾತ ಎಂದು ತಿಳಿಯುವವರು ಬಹಳ ಮಂದಿ. ಹೃದಯಾಘಾತ ಇದರ ಕಾರಣಗಳಲ್ಲಿ ಒಂದು. ಬಹುಕಾಲದ ರಕ್ತದೊತ್ತಡ, ಕವಾಟದ ದೋಷಗಳಿಂದಲೂ ಇದು ಬರುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಏದುಸಿರು, ಕಾಲಿಗೆ ಇಳಿದರೆ ಊತ. ಅಂಗಾತ ಮಲಗಿದರೆ ಉಸಿರು ಕಟ್ಟುವುದರಿಂದ ರೋಗಿ ಎರಡು ಮೂರು ದಿಂಬಿಗೆ ಒರಗಿಯೇ ರಾತ್ರಿ ಕಳೆಯುತ್ತಾನೆ.

1628ರಲ್ಲಿ ವಿಲಿಯಂ ಹಾರ್ವೆ ರಕ್ತಪರಿಚಲನೆಯನ್ನು ವಿವರಿಸಿದ ಮೇಲೂ ಚಿಕಿತ್ಸೆಯ ಗುರಿ ನೀರು ಇಳಿಸುವುದೇ ಆಗಿತ್ತು. ರಕ್ತ ಹರಿಸುತ್ತಿದ್ದರು, ಜಿಗಣೆ ಹಚ್ಚುತ್ತಿದ್ದರು. 19ನೇ ಶತಮಾನದಲ್ಲಿ ಊದಿದ ಕಾಲಿಗೆ ಸಣ್ಣ ಲೋಹದ ನಳಿಕೆ ಚುಚ್ಚಿ, ರಬ್ಬರ್ ಕೊಳವೆಯ ಮೂಲಕ ನೀರನ್ನು ಪಾತ್ರೆಗೆ ತೊಟ್ಟಿಕ್ಕಿಸುವ ಪದ್ಧತಿಯೂ ಬಂತು.

ಮೊದಲ ದೊಡ್ಡ ತಿರುವು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್‌ನದು. ಶ್ರಾಪ್‌ಶೈರಿನ ಮುದುಕಿಯೊಬ್ಬಳು ಗುಟ್ಟಾಗಿಟ್ಟುಕೊಂಡಿದ್ದ, ಊತ ಇಳಿಸುವ ಮನೆಮದ್ದಿನ ಬಗ್ಗೆ 1775ರಲ್ಲಿ ಅವನ ಅಭಿಪ್ರಾಯ ಕೇಳಲಾಯಿತು. ಅದರಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳಲ್ಲಿ ಕೆಲಸ ಮಾಡುವುದು ಫಾಕ್ಸ್‌ಗ್ಲೋವ್ ಎಂದು ಅವನು ಗುರುತಿಸಿದ. ಮುದುಕಿಯ ಹೆಸರನ್ನು ಮಾತ್ರ ಬರೆದಿಡಲಿಲ್ಲ. ಅದು ನಿಜಕ್ಕೂ ಅನ್ಯಾಯ. 1785ರ ಪುಸ್ತಕದಲ್ಲಿ ಗುಣವಾದವರ ಜತೆ ಗುಣವಾಗದವರ ವಿವರವನ್ನೂ ಅವನು ಕೊಟ್ಟ. ಮೂತ್ರ, ಹೊಟ್ಟೆ, ನಾಡಿ, ಕರುಳು, ಇವುಗಳಲ್ಲಿ ಯಾವುದರ ಮೇಲೆ ಪರಿಣಾಮ ಕಂಡರೂ ಮದ್ದು ನಿಲ್ಲಿಸಬೇಕೆಂದ. ವಿಷಕ್ಕೂ ಔಷಧಕ್ಕೂ ಅಂತರ ಅತಿ ಕಡಿಮೆ ಇರುವ ಈ ಗಿಡಕ್ಕೆ ಅಂಥ ಎಚ್ಚರ ಬೇಕೇ ಬೇಕು. ಇದೇ ಕುಲದ ಗಿಡದಿಂದ ತೆಗೆದ ಡಿಗಾಕ್ಸಿನ್ ಆಸ್ಪತ್ರೆ ಸೇರುವುದನ್ನು ತಗ್ಗಿಸುತ್ತದೆ, ಆಯುಸ್ಸನ್ನು ಹೆಚ್ಚಿಸುವುದಿಲ್ಲ ಎಂದು 6,800 ರೋಗಿಗಳ ಅಧ್ಯಯನ 1997ರಲ್ಲಿ ತೋರಿಸಿತು.

1919ರಲ್ಲಿ ವಿಯೆನ್ನಾದಲ್ಲಿ ಸಿಫಿಲಿಸ್ ರೋಗಿಯೊಬ್ಬಳಿಗೆ ಪಾದರಸದ ಇಂಜೆಕ್ಷನ್ ಕೊಟ್ಟಾಗ ಮೂತ್ರ ವಿಪರೀತ ಹೆಚ್ಚಿತು. ಗೊತ್ತಾದದ್ದು ದಾದಿಯರು ದಿನವೂ ಅಳೆದು ಬರೆಯುತ್ತಿದ್ದ ಚಾರ್ಟಿನಿಂದ. ನೀರು ಇಳಿಸಲು ಪಾದರಸ ದಶಕಗಳ ಕಾಲ ಬಳಕೆಯಲ್ಲಿತ್ತು. 1950ರ ದಶಕದ ಕೊನೆಯಲ್ಲಿ ಥಯಜೈಡ್, ಆಮೇಲೆ ಫ್ಯೂರೊಸೆಮೈಡ್ ಮಾತ್ರೆಗಳು ಅದರ ಜಾಗ ಹಿಡಿದವು.

ನೀರು ಇಳಿದರೂ ಸಾವು ತಪ್ಪುತ್ತಿರಲಿಲ್ಲ. ಸೋತ ಹೃದಯವನ್ನು ಕಾಪಾಡಲು ದೇಹವೇ ಹೊರಡಿಸುವ ಹಾರ್ಮೋನುಗಳು ಕಾಲಕ್ರಮೇಣ ಅದನ್ನು ಇನ್ನಷ್ಟು ಕೆಡಿಸುತ್ತವೆ ಎಂಬ ಅರಿವು ನಿಧಾನವಾಗಿ ಮೂಡಿತು. 1987ರಲ್ಲಿ ಸ್ಕ್ಯಾಂಡಿನೇವಿಯಾದ ಅಧ್ಯಯನವೊಂದು, ಇಂಥ ಹಾರ್ಮೋನನ್ನು ತಡೆಯುವ ಎನಲಾಪ್ರಿಲ್ ಔಷಧ ಜೀವ ಉಳಿಸುತ್ತದೆಂದು ಸಾಬೀತುಮಾಡಿತು. ಬೀಟಾ ಬ್ಲಾಕರ್‌ಗಳ ಕಥೆ ಇನ್ನೂ ದೊಡ್ಡದು. ಅವು ಬಡಿತವನ್ನು ತಗ್ಗಿಸುವುದರಿಂದ ಈ ರೋಗಿಗಳಿಗೆ ಕೊಡಲೇಬಾರದೆಂದು ಪಠ್ಯಗಳು ಹೇಳುತ್ತಿದ್ದ ಕಾಲದಲ್ಲಿ, 1975ರಲ್ಲಿ ಸ್ವೀಡನ್ನಿನ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಏಳು ರೋಗಿಗಳಿಗೆ ಕೊಟ್ಟು ಸುಧಾರಣೆ ಕಂಡರು. ನಂಬುವವರು ಕಡಿಮೆ ಇದ್ದರು. 1999ರ ದೊಡ್ಡ ಅಧ್ಯಯನಗಳು ಅವರ ಮಾತನ್ನು ಎತ್ತಿಹಿಡಿದವು. 2019ರ ಹೊತ್ತಿಗೆ ಸಕ್ಕರೆ ಕಾಯಿಲೆಯ ಮಾತ್ರೆಯಾದ ಡಪಾಗ್ಲಿಫ್ಲೊಜಿನ್ ಕೂಡ, ಸಕ್ಕರೆ ಕಾಯಿಲೆ ಇಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ನೆರವಾಗುತ್ತದೆಂದು ತಿಳಿಯಿತು.

ಹಿಂದೆ ವಾರಗಟ್ಟಲೆ ಹಾಸಿಗೆ ಹಿಡಿಸುತ್ತಿದ್ದರು. ಈಗ ಸ್ಥಿರವಾಗಿರುವವರಿಗೆ ವೈದ್ಯರು ನಡಿಗೆ ಹೇಳುತ್ತಾರೆ. ಉಪ್ಪಿನಕಾಯಿ, ಹಪ್ಪಳ ಮಿತಿಯಲ್ಲಿರಬೇಕು. ಬೆಳಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಬೇಕು. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ, ಕಾಲು ಊದುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು.