ತೆಕ್ಕಲಕೋಟೆಯ ಉತ್ಖನನ ಮತ್ತು ಸಂಶೋಧನ ಪ್ರಬಂಧಗಳ ಪ್ರಕಟಣೆ

ತಾಡಪತ್ರದ ಪ್ರತಿಯೊಂದನ್ನು ಒಬ್ಬ ವಿದ್ವಾಂಸನು ತಪ್ಪಾಗಿ ಓದಿದರೂ ಓಲೆ ಉಳಿದಿರುವವರೆಗೆ ಮತ್ತೊಬ್ಬನು ಅದನ್ನು ತಿದ್ದಿ ಓದಬಲ್ಲನು. ಉತ್ಖನನದಲ್ಲಿ ಈ ಸೌಕರ್ಯವಿಲ್ಲ. ಅಗೆದ ಸ್ತರವು ಅಗೆತದೊಡನೆಯೇ ನಾಶವಾಗುತ್ತದೆ. ಉಳಿಯುವ ಪ್ರತಿಯೆಂದರೆ ಅಗೆದವನ ಟಿಪ್ಪಣಿ, ನಕ್ಷೆ ಮತ್ತು ಛಾಯಾಚಿತ್ರಗಳು ಮಾತ್ರ. ಅವು ಅಚ್ಚಾಗದೆ ಕಪಾಟಿನಲ್ಲಿ ಉಳಿದರೆ ಮೂಲವೂ ಇಲ್ಲ, ಪ್ರತಿಯೂ ಇಲ್ಲವೆಂಬ ಸ್ಥಿತಿ ಒದಗುತ್ತದೆ. ಪದವಿ ದೊರೆತೊಡನೆ ಪ್ರಬಂಧವನ್ನು ಕಟ್ಟಿಡುವ ಅಭ್ಯಾಸ ನಮ್ಮಲ್ಲಿ ಹೊಸದೇನಲ್ಲ. ಬಳ್ಳಾರಿ ಪ್ರದೇಶದ ನವಶಿಲಾಯುಗದ ಅಧ್ಯಯನವು ಇದಕ್ಕೆ ಅಪವಾದವಾಗಿರುವುದರಿಂದ ಗಮನಾರ್ಹವಾಗಿದೆ.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಹೆಚ್. ಡಿ. ಸಾಂಕಳಿಯಾ ಅವರ ಶಿಷ್ಯರಾಗಿದ್ದ ಬಿ. ಸುಬ್ಬರಾವ್ ಅವರು ಬಳ್ಳಾರಿಗೆ ಸಮೀಪದ ಸಂಗನಕಲ್ಲಿನಲ್ಲಿ ಅಗೆತ ನಡೆಸಿದರು. ‘ಸ್ಟೋನ್ ಏಜ್ ಕಲ್ಚರ್ಸ್ ಆಫ್ ಬಳ್ಳಾರಿ’ ಎಂಬ ಅವರ ಪ್ರಬಂಧವು 1948ರಲ್ಲಿ ಆ ಕಾಲೇಜಿನ ಪ್ರಬಂಧಮಾಲೆಯಲ್ಲಿ ಪ್ರಕಟವಾಯಿತು. ಇಂಗಾಲ-ಕಾಲಮಾಪನವು ಆಗ ಇನ್ನೂ ಬಳಕೆಗೆ ಬಂದಿರಲಿಲ್ಲವಾದುದರಿಂದ ಅಲ್ಲಿಯ ಕಾಲನಿರ್ಣಯವು ಮುಂದೆ ಪರಿಷ್ಕಾರಕ್ಕೆ ಒಳಗಾಗಬೇಕಾದುದು ಸಹಜವೇ. ಆದರೆ ಪರಿಷ್ಕರಿಸಲು ಮುದ್ರಿತ ಪಾಠವೊಂದು ಕೈಯಲ್ಲಿತ್ತು.

ಬಳ್ಳಾರಿ–ಸಿರುಗುಪ್ಪ ಮಾರ್ಗದ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಎಂ. ಎಸ್. ನಾಗರಾಜರಾವ್ ಅವರು 1960ರ ದಶಕದ ನಡುಭಾಗದಲ್ಲಿ ಉತ್ಖನನ ಕೈಗೊಂಡರು. ದುಂಡು ಗುಡಿಸಲುಗಳ ನೆಲಗಟ್ಟು, ಕಲ್ಲಿನ ಕೊಡಲಿ, ಮಡಕೆಯಲ್ಲಿರಿಸಿದ ಶವಸಂಸ್ಕಾರ, ತಾಮ್ರದ ವಸ್ತುಗಳು, ಚಿನ್ನದ ಆಭರಣ ಇವೆಲ್ಲ ಅಲ್ಲಿ ದೊರೆತವು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಇಂಗಾಲ-ಮಾಪನಗಳಿಂದ ಈ ನೆಲೆಯು ಕ್ರಿ.ಪೂ. 2ನೆಯ ಸಹಸ್ರಮಾನದ ಮೊದಲರ್ಧಕ್ಕೆ ಸೇರಿದುದೆಂದು ತಿಳಿದುಬಂದಿತು. ಮಾನವಶಾಸ್ತ್ರಜ್ಞ ಕೆ. ಸಿ. ಮಲ್ಹೋತ್ರಾ ಅವರೊಡನೆ ಅವರು ಬರೆದ ವರದಿ 1965ರಲ್ಲಿಯೇ ಹೊರಬಂದಿತು. ಅದರ ಉಪಶೀರ್ಷಿಕೆಯಲ್ಲಿ ‘ಪ್ರಾಥಮಿಕ ವರದಿ’ ಎಂಬ ವಿನಯದ ಮಾತಿದೆ. ಪರಿಪೂರ್ಣತೆಗಾಗಿ ಕಾದು ಕುಳಿತ ಅನೇಕ ವರದಿಗಳು ಇಂದಿಗೂ ಅಚ್ಚಾಗಿಲ್ಲವೆಂಬುದನ್ನು ನೆನೆದರೆ ಆ ವಿನಯದ ಬೆಲೆ ತಿಳಿಯುತ್ತದೆ.

ಅದೇ ವರ್ಷ ‘ಆಂಥ್ರೋಪೋಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ, ತೆಕ್ಕಲಕೋಟೆಯ ಬೋಯರಲ್ಲಿ ಉಳಿದುಬಂದ ನವಶಿಲಾಯುಗದ ಅಂಶಗಳನ್ನು ಕುರಿತು ನಾಗರಾಜರಾವ್ ಅವರ ಲೇಖನ ಪ್ರಕಟವಾಯಿತು. ನೆಲದೊಳಗಿನ ಸಾಕ್ಷ್ಯವನ್ನು ಓದಲು ಅದೇ ಊರಿನ ಜನಜೀವನವನ್ನು ವ್ಯಾಖ್ಯಾನದಂತೆ ಬಳಸಿದ ಈ ಕ್ರಮವು, ಟೀಕೆಯ ಸಹಾಯದಿಂದ ಮೂಲಗ್ರಂಥವನ್ನು ಬಿಡಿಸುವ ಪಂಡಿತರಿಗೆ ಅಪರಿಚಿತವಲ್ಲ. ಟೀಕೆಯು ಮೂಲಕ್ಕಿಂತ ಸಾವಿರಾರು ವರ್ಷ ಈಚಿನದಾದಾಗ ಎಚ್ಚರಿಕೆಯೂ ಅಷ್ಟೇ ಬೇಕೆಂಬುದು ಬೇರೆ ಮಾತು.

ಸುಬ್ಬರಾವ್ ಅವರ ಗ್ರಂಥವನ್ನು ಮುಂದಿಟ್ಟುಕೊಂಡು ಜೆಡ್. ಡಿ. ಅನ್ಸಾರಿ ಮತ್ತು ನಾಗರಾಜರಾವ್ ಅವರು ಸಂಗನಕಲ್ಲನ್ನು 1964–65ರಲ್ಲಿ ಮತ್ತೆ ಅಗೆದರು. ವರದಿ 1969ರಲ್ಲಿ ಅಚ್ಚಾಯಿತು. ಮುಂದೆ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರು ಈ ಪ್ರದೇಶದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ, ಕರಿದ ಕಾಳುಗಳನ್ನು ಬೇರ್ಪಡಿಸಿದರು. ಹುರುಳಿ, ಹೆಸರು, ಕೊರಲೆಗಳು ಅವುಗಳಲ್ಲಿ ಗುರುತಿಸಲ್ಪಟ್ಟವು.