ಬಳ್ಳಾರಿ ಸೀಮೆಯ ಕೂಲಿಮಠಗಳೂ ಕಂಪೆನಿ ಸರಕಾರದ ಶಾಲೆಗಳೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು 1800ರಲ್ಲಿ ನಿಜಾಮನಿಂದ ಇಂಗ್ಲಿಷ್ ಕಂಪೆನಿಯ ವಶಕ್ಕೆ ಬಂದ ದತ್ತಮಂಡಲಕ್ಕೆ ಸೇರಿದುದು. ಇಲ್ಲಿ ವಿದ್ಯಾಭ್ಯಾಸವು ಕಂಪೆನಿಯಿಂದಲೇ ಮೊದಲಾಯಿತೆಂಬ ಮಾತನ್ನು ಆ ಸರಕಾರದ ಕಾಗದಪತ್ರಗಳೇ ಅಲ್ಲಗಳೆಯುತ್ತವೆ.

ಮದರಾಸಿನ ಗವರ್ನರರಾದ ಸರ್ ಥಾಮಸ್ ಮನ್ರೋರವರು 1822ರಲ್ಲಿ ಶಾಲೆಗಳ ಎಣಿಕೆಗೆ ಅಪ್ಪಣೆಯಿತ್ತರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ಲರು 1823ನೆಯ ಆಗಸ್ಟ್ 17ರಂದು ಬರೆದ ವರದಿಯ ಮೇರೆಗೆ, 9,27,857 ಜನರಿದ್ದ ಜಿಲ್ಲೆಯಲ್ಲಿ 533 ಶಾಲೆಗಳಿದ್ದು, ಅವುಗಳಲ್ಲಿ 6,641 ಮಕ್ಕಳು ಓದುತ್ತಿದ್ದರು. ಇವುಗಳಲ್ಲಿ 235 ಕನ್ನಡದವು, 226 ತೆಲುಗಿನವು, ಇಂಗ್ಲಿಷಿನದು ಒಂದೇ. ಹೆಣ್ಣುಮಕ್ಕಳು ಅರುವತ್ತು ಮಂದಿ ಮಾತ್ರ. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ, ಬಳಿಕ ಕಡತದಲ್ಲಿ ಬರೆಯುತ್ತಿದ್ದರು. ಮುಂದಿನ ಪಾಠದವರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಐಗಳ ಜೀವನವು ತಂದೆತಾಯಿಗಳು ಕೊಡುವ ಹಣದಿಂದ ಸಾಗಬೇಕಾಗಿದ್ದಿತು.

ಈ ಶಾಲೆಗಳು ಕ್ಷೀಣಿಸುತ್ತಿದ್ದುದಕ್ಕೆ ಕ್ಯಾಂಬೆಲ್ಲರು ಕಂಡ ಕಾರಣವು ದೇಶದ ಬಡತನ. ಯೂರೋಪಿನ ಬಟ್ಟೆಯ ಆಮದಿನಿಂದ ಇಲ್ಲಿನ ಕಸುಬುದಾರರ ಸಂಪಾದನೆ ಕುಗ್ಗಿದ್ದಿತು; ಹಿಂದಿನ ಅರಸರ ಆಶ್ರಯವೂ ನಿಂತಿದ್ದಿತು. ಇಷ್ಟು ಶಾಲೆಗಳಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲವೆಂದು ಅವರು ನಾಚಿಕೆಯಿಂದಲೇ ಒಪ್ಪಿಕೊಂಡರು.

ಮನ್ರೋರವರು 1826ರಲ್ಲಿ ತಹಸೀಲಿಗೊಂದು ಶಾಲೆಯನ್ನೂ, ಅದರ ಉಪಾಧ್ಯಾಯರಿಗೆ ತಿಂಗಳಿಗೆ 9 ರೂಪಾಯಿ ಸಂಬಳವನ್ನೂ ಸೂಚಿಸಿದರು. ಮರುವರ್ಷವೇ ಅವರು ಪತ್ತಿಕೊಂಡದಲ್ಲಿ ತೀರಿಕೊಂಡರು. ಇಂಗ್ಲಿಷ್ ವಿದ್ಯೆಯ ಪಕ್ಷವು ಬಲಗೊಂಡ ಮೇಲೆ, 1836ರಲ್ಲಿ ತಹಸೀಲು ಶಾಲೆಗಳು ರದ್ದಾದವು.

ಹೀಗೆ, ಹಳ್ಳಿಯಲ್ಲಿದ್ದ ಐಗಳಿಗೆ ಆಧಾರ ದೊರೆಯಲಿಲ್ಲ. ತಹಸೀಲಿಗೆ ಬಂದ ಉಪಾಧ್ಯಾಯರೂ ಉಳಿಯಲಿಲ್ಲ. ಶಾಲೆಗಳನ್ನು ಎಣಿಸಿದ ಸರಕಾರವು ಅವುಗಳನ್ನು ಪೋಷಿಸಲಿಲ್ಲವೆಂಬುದೇ ಈ ಚರಿತ್ರೆಯ ಸಾರವು.